ಹಿರೇಬೇನೆಯ ವಂಶವೃಕ್ಷ ಮತ್ತು ಕುರುಗೋಡಿನ ಕುರಿದಾರಿಗಳು

ಭಾರತಕ್ಕೆ ಹಿರೇಬೇನೆ ಬಂದದ್ದು ಯಾವಾಗ ಎಂದರೆ ಪಶುವೈದ್ಯಕೀಯದ ಪುಸ್ತಕಗಳು 1987 ಎನ್ನುತ್ತವೆ. ತಮಿಳುನಾಡಿನ ಈಗಿನ ವಿಲ್ಲುಪುರಂ ಜಿಲ್ಲೆಯ ಅರಸೂರಿನಲ್ಲಿ ಆ ವರ್ಷ ಕುರಿಗಳಿಗೆ ಜ್ವರ ಬಂತು, ಮೂಗು ಕಣ್ಣು ಸೋರಿದವು, ಬಾಯಿ ಹುಣ್ಣಾಯಿತು, ಭೇದಿ ಹತ್ತಿ ಅವು ಸತ್ತವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಎಸ್. ಶೈಲಾ ಮತ್ತು ಅವರ ಸಂಗಡಿಗರು 1989ರಲ್ಲಿ ಅದು ಪಿಪಿಆರ್, ಅಂದರೆ ಆಡು-ಕುರಿಗಳ ಹಿರೇಬೇನೆ ಎಂದು ಪ್ರಕಟಿಸಿದರು. ಪಶ್ಚಿಮ ಆಫ್ರಿಕದ ಐವರಿ ಕೋಸ್ಟಿನಲ್ಲಿ 1942ರಲ್ಲಿ ಮೊದಲ ಸಲ ವರ್ಣಿತವಾದ ರೋಗ ಅದು. ಐವರಿ ಕೋಸ್ಟಿನಿಂದ ಅರಸೂರಿಗೆ 45 ವರ್ಷ: ಕಥೆ ಸರಳವಾಗಿ ಕಾಣುತ್ತದೆ. ಆದರೆ 1987 ರೋಗ ಬಂದ ವರ್ಷವಲ್ಲ, ರೋಗ ಗುರುತಿಗೆ ಸಿಕ್ಕ ವರ್ಷ. ಈ ಎರಡರ ನಡುವಿನ ಅಂತರವನ್ನು ತುಂಬುವುದಕ್ಕೆ ಇಂದು ನಮ್ಮ ಕೈಯಲ್ಲಿರುವ ಬಲವಾದ ಸಾಕ್ಷಿ ವೈರಾಣುವಿನ ವಂಶವಾಹಿ. ಆ ಸಾಕ್ಷಿಯನ್ನು ಬಳ್ಳಾರಿ ಸೀಮೆಯ ಕುರಿಸಾಕಣೆಯ ಚರಿತ್ರೆಯ ಪಕ್ಕದಲ್ಲಿಟ್ಟು ಓದಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಈ ರೋಗವನ್ನು ನಮ್ಮ ನಾಡಿನಲ್ಲಿ ಬೇರೂರಿಸಿದ್ದು ವೈರಾಣುವಿನ ರೂಪಾಂತರ ಶಕ್ತಿಗಿಂತ ಹೆಚ್ಚಾಗಿ, ಕಳೆದ ನೂರೈವತ್ತು ವರ್ಷಗಳಲ್ಲಿ ನಾವು ಕುರಿಗಳನ್ನು ಸಾಗಿಸಿದ, ಕೂಡಿಸಿದ, ಮಾರಿದ ರೀತಿ.

ಬಳ್ಳಾರಿ ಜಿಲ್ಲೆಯ ಕುರುಗೋಡಿನ ಸುತ್ತಣ ನೆಲ ಈ ವಾದಕ್ಕೆ ಒಳ್ಳೆಯ ಪರೀಕ್ಷಾಭೂಮಿ, ಏಕೆಂದರೆ ಸಾಕುಪ್ರಾಣಿಗಳ ಚರಿತ್ರೆ ಇಷ್ಟು ಆಳಕ್ಕೆ ಹೋಗುವ ಜಾಗಗಳು ದಕ್ಷಿಣ ಭಾರತದಲ್ಲಿ ಕಡಿಮೆ. ಬಳ್ಳಾರಿಗೆ ಅಂಟಿಕೊಂಡಂತಿರುವ ಸಂಗನಕಲ್ಲು, ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆ, ಕುಡಿತಿನಿಯ ಬೂದಿದಿಬ್ಬ, ಮೂರೂ ನವಶಿಲಾಯುಗದ ಪಶುಪಾಲಕರು ಬಿಟ್ಟುಹೋದ ನೆಲೆಗಳು. ಕುಡಿತಿನಿಯ ದಿಬ್ಬವನ್ನು ಕಂಡ 19ನೆಯ ಶತಮಾನದ ಬ್ರಿಟಿಷರಲ್ಲಿ ಕೆಲವರು ಅದನ್ನು ಜ್ವಾಲಾಮುಖಿಯ ಕಿಟ್ಟವೆಂದೂ ಊಹಿಸಿದ್ದುಂಟು. ದೊಡ್ಡಿಗಳಲ್ಲಿ ಒಟ್ಟಿದ ಸಗಣಿ ಸುಟ್ಟು ಆದ ಬೂದಿ ಅದು ಎಂಬುದು ಇಂಥದೇ ದಿಬ್ಬವಿದ್ದ ಉತ್ನೂರಿನ ಉತ್ಖನನ ನಡೆಸಿದ ಎಫ್.ಆರ್. ಆಲ್ಚಿನ್ ಅವರ 1963ರ ಗ್ರಂಥದ ನಂತರ ಗಟ್ಟಿಯಾಯಿತು. 1963-64ರಲ್ಲಿ ಎಂ.ಎಸ್. ನಾಗರಾಜರಾವ್ ಮತ್ತು ಕೆ.ಸಿ. ಮಲ್ಹೋತ್ರ ತೆಕ್ಕಲಕೋಟೆಯನ್ನು ಅಗೆದರು. ಈ ನೆಲೆಗಳಲ್ಲಿ ದನದ ಮೂಳೆಯೇ ಹೆಚ್ಚಾದರೂ ಕುರಿ ಮೇಕೆಗಳ ಮೂಳೆಯೂ ಇದೆ. ಅಂದರೆ ಇಲ್ಲಿನ ಬಂಡೆಬೆಟ್ಟಗಳ ಬುಡದಲ್ಲಿ ನಾಲ್ಕು ಸಾವಿರ ವರ್ಷಗಳಿಂದ ಕುರಿ ಮೇಯುತ್ತಿದೆ. ಮುಂದೆ ಸಿಂದ ಅರಸರು ಕುರುಗೋಡಿನಲ್ಲಿ ಕೋಟೆ ಕಟ್ಟಿ ಆಳಿದರು. ಆಮೇಲೆ ವಿಜಯನಗರ ಪಕ್ಕದಲ್ಲೇ ಎದ್ದಿತು. 1520ರ ಸುಮಾರಿಗೆ ಅಲ್ಲಿಗೆ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯಸ್, ಆ ಪಟ್ಟಣದಲ್ಲಿ ದಿನವೂ ಕಡಿಯುವ ಕುರಿಗಳಿಗೆ ಲೆಕ್ಕವಿಲ್ಲ, ಬೀದಿಬೀದಿಯಲ್ಲಿ ಮಾಂಸ ಮಾರುತ್ತಾರೆ ಎಂಬರ್ಥದ ಮಾತು ಬರೆದಿದ್ದಾನೆ. ಅಷ್ಟು ಕುರಿ ಆಕಾಶದಿಂದ ಉದುರಿರಲಾರದು. ಕುರುಗೋಡು, ಕಂಪ್ಲಿ, ಸಂಡೂರಿನ ಕಡೆಯ ಹಟ್ಟಿಗಳಿಂದಲೇ ಹಿಂಡು ಹಿಂಡಾಗಿ ನಡೆದು ಬಂದಿರಬೇಕು.

ಇಲ್ಲಿಯೇ ಮೊದಲ ಆಕ್ಷೇಪ ಏಳುತ್ತದೆ. ನಾಲ್ಕು ಸಾವಿರ ವರ್ಷ ಕುರಿ ಇದ್ದ ನೆಲದಲ್ಲಿ ಕುರಿಯ ರೋಗವೂ ಅಷ್ಟೇ ಹಳೆಯದಿರಬೇಕಲ್ಲವೇ? ಬೇರೆ ಕೆಲವು ರೋಗಗಳ ಮಟ್ಟಿಗೆ ಇದು ನಿಜ. ಹುಳುಬಾಧೆಯಂಥವು ಸಣ್ಣ ಹಿಂಡಿನಲ್ಲೂ ವರ್ಷಗಟ್ಟಲೆ ಉಳಿಯುತ್ತವೆ. ಹಿರೇಬೇನೆಯ ವೈರಾಣು ಅಂಥದ್ದಲ್ಲ. ಮನುಷ್ಯರ ದಡಾರ, ದನಗಳ ದೊಡ್ಡರೋಗ, ನಾಯಿಗಳ ಡಿಸ್ಟೆಂಪರ್ ಹುಟ್ಟಿಸುವ ಮಾರ್ಬಿಲ್ಲಿ ವೈರಾಣುಗಳ ಕುಟುಂಬಕ್ಕೆ ಅದು ಸೇರಿದೆ. ತಗುಲಿದ ಪ್ರಾಣಿ ಒಂದೆರಡು ವಾರದೊಳಗೆ ಸಾಯುತ್ತದೆ, ಇಲ್ಲವೇ ಗುಣವಾಗಿ ಬಾಳಿನುದ್ದದ ರಕ್ಷಣೆ ಪಡೆಯುತ್ತದೆ. ಗುಣವಾದ ಕುರಿ ರೋಗವನ್ನು ಒಳಗಿಟ್ಟುಕೊಂಡು ತಿರುಗುವುದಿಲ್ಲ. ಬಳ್ಳಾರಿಯ ಬಿಸಿಲಿನಲ್ಲಿ ವೈರಾಣು ನೆಲದ ಮೇಲೆ ಹೆಚ್ಚು ಹೊತ್ತು ಬದುಕದು. ಒಂದರ ಉಸಿರು, ಸಿಂಬಳ, ಎಂಜಲು ಇನ್ನೊಂದಕ್ಕೆ ತಾಗುವಷ್ಟು ಹತ್ತಿರ ಬಂದಾಗಲೇ ಅದಕ್ಕೆ ದಾಟುವ ಅವಕಾಶ. ಹೀಗಾಗಿ ಒಂದು ಹಟ್ಟಿಗೆ ಹೊಕ್ಕ ರೋಗ ಕೆಲವೇ ವಾರಗಳಲ್ಲಿ ಅಲ್ಲಿ ತಾನಾಗಿ ಆರಿಹೋಗುತ್ತದೆ. ಆರದೆ ಉಳಿಯಬೇಕಾದರೆ ರೋಗ ಕಾಣದ ಮರಿಗಳು ನಿರಂತರವಾಗಿ ಹುಟ್ಟುವ, ಒಂದಕ್ಕೊಂದು ತಗುಲಿಕೊಂಡಿರುವ, ಬಹು ದೊಡ್ಡ ಕುರಿಸಮುದಾಯ ಬೇಕು. ದಡಾರ ಒಂದು ಕಡೆ ನಿಲ್ಲಲು ಕೆಲವು ಲಕ್ಷ ಜನಸಂಖ್ಯೆಯ ಪಟ್ಟಣ ಬೇಕೆಂದು ತಜ್ಞರು ಲೆಕ್ಕ ಹಾಕಿರುವುದು ಇದೇ ತರ್ಕದ ಮೇಲೆ. ದಡಾರದ ವೈರಾಣುವೂ ದೊಡ್ಡರೋಗದ ವೈರಾಣುವೂ ಕ್ರಿ.ಪೂ. ಆರನೆಯ ಶತಮಾನದ ಸುಮಾರಿಗೆ ಕವಲೊಡೆದಿರಬಹುದೆಂದು 2020ರ ಒಂದು ಅಧ್ಯಯನ ತೋರಿಸಿತು. ದೊಡ್ಡ ಪಟ್ಟಣಗಳು ಎದ್ದ ಕಾಲಕ್ಕೆ ಅದು ಹೊಂದುತ್ತದೆ. ತೆಕ್ಕಲಕೋಟೆಯ ಗುಡ್ಡದ ಮೇಲಿನ ಕೆಲವು ಗುಡಿಸಲುಗಳ ಕುರಿಗಳು ಇಂಥ ವೈರಾಣುವನ್ನು ಸಾಕಲಾರವು.

ವಿಜಯನಗರದ ಕಾಲಕ್ಕೆ ಹಿಂಡುಗಳು ಸಾಕಷ್ಟು ದೊಡ್ಡವಿದ್ದವಲ್ಲ ಎಂದು ಕೇಳಬಹುದು. ಇದಕ್ಕೆ ಉತ್ತರ ವಂಶವಾಹಿಯ ಸಾಕ್ಷಿಯ ಸ್ವರೂಪದಲ್ಲೇ ಇದೆ. ಹಿರೇಬೇನೆಯ ವೈರಾಣುವಿನ ವಂಶವಾಹಿ ಒಂದು ಎಳೆಯ ಆರ್‌ಎನ್‌ಎ, ಅದರ ಉದ್ದ 15,948 ಅಕ್ಷರ. ಅದನ್ನು ನಕಲು ಮಾಡುವ ಕಿಣ್ವಕ್ಕೆ ತಪ್ಪು ತಿದ್ದುವ ಶಕ್ತಿ ಇಲ್ಲ. ಆದ್ದರಿಂದ ಪೀಳಿಗೆಯಿಂದ ಪೀಳಿಗೆಗೆ ತಪ್ಪುಗಳು ಸೇರುತ್ತ ಹೋಗುತ್ತವೆ. ಹಳಗನ್ನಡ ಕಾವ್ಯವೊಂದರ ಓಲೆಪ್ರತಿಗಳನ್ನು ಸಂಪಾದಕರು ಹೋಲಿಸುವಾಗ, ಎರಡು ಪ್ರತಿಗಳಲ್ಲಿ ಒಂದೇ ಸ್ಖಾಲಿತ್ಯ ಕಂಡರೆ ಅವೆರಡೂ ಒಂದೇ ಮಾತೃಕೆಯಿಂದ ಇಳಿದವು ಎಂದು ನಿರ್ಧರಿಸುತ್ತಾರಷ್ಟೆ. ವೈರಾಣು ವಿಜ್ಞಾನಿಗಳು ಮಾಡುವುದೂ ಅದೇ. ಬೇರೆ ಬೇರೆ ಊರು, ಬೇರೆ ಬೇರೆ ವರ್ಷಗಳ ಕುರಿಗಳಿಂದ ತೆಗೆದ ಮಾದರಿಗಳ ಅಕ್ಷರಗಳನ್ನು ಸಾಲಾಗಿಟ್ಟು, ಹಂಚಿಕೊಂಡ ತಪ್ಪುಗಳ ಮೇಲೆ ವಂಶವೃಕ್ಷ ಬರೆಯುತ್ತಾರೆ. ಶೈಲಾ ಮತ್ತು ಅವರ ಸಂಗಡಿಗರು 1996ರಲ್ಲಿ ಎಫ್ ಎಂಬ ವಂಶವಾಹಿಯ ತುಣುಕನ್ನು ಓದಿ ಇಡೀ ಜಗತ್ತಿನ ಹಿರೇಬೇನೆಯ ವೈರಾಣುಗಳನ್ನು ನಾಲ್ಕು ಶಾಖೆಗಳಾಗಿ ವಿಂಗಡಿಸಿದರು. ಒಂದು ಮತ್ತು ಎರಡನೆಯವು ಪಶ್ಚಿಮ ಆಫ್ರಿಕದವು, ಮೂರನೆಯದು ಪೂರ್ವ ಆಫ್ರಿಕ ಮತ್ತು ಅರೇಬಿಯದ್ದು, ನಾಲ್ಕನೆಯದು ಏಷ್ಯದ್ದು. ಬೆಂಗಳೂರಿನ ಪ್ರಯೋಗಾಲಯವೊಂದರ ಕೊಡುಗೆಯಿರುವ ಈ ವಿಂಗಡಣೆ ಇಂದಿಗೂ ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ.

ತಪ್ಪು ಸೇರುವ ವೇಗ ಗೊತ್ತಾದರೆ ಕಾಲವನ್ನೂ ಎಣಿಸಬಹುದು. ಇಂಗ್ಲೆಂಡಿನ ಪರ್ಬ್ರೈಟ್ ಸಂಸ್ಥೆಯ ಮುನಿರಾಜು ಮತ್ತು ಸಂಗಡಿಗರು 2014ರಲ್ಲಿ ಪೂರ್ಣ ವಂಶವಾಹಿಗಳನ್ನು ಹೋಲಿಸಿ, ಹತ್ತು ಸಾವಿರ ಅಕ್ಷರಕ್ಕೆ ವರ್ಷಕ್ಕೆ ಸುಮಾರು 9 ಬದಲಾವಣೆ ಆಗುತ್ತದೆಂದು ಅಂದಾಜಿಸಿದರು. ಇಡೀ ವಂಶವಾಹಿಗೆ ಇದು ವರ್ಷಕ್ಕೆ ಹದಿನಾಲ್ಕರ ಆಸುಪಾಸು. ಈ ವೇಗದಲ್ಲಿ ಹಿಂದಕ್ಕೆ ಎಣಿಸಿದಾಗ ನಾಲ್ಕೂ ಶಾಖೆಗಳ ಕೊನೆಯ ಸಮಾನ ಪೂರ್ವಜ 20ನೆಯ ಶತಮಾನದ ಆರಂಭಕ್ಕೆ, 1904ರ ಸುಮಾರಿಗೆ ಬಂದು ನಿಂತಿತು. ಅಂದಾಜಿನ ಅಂಚುಗಳು ಬಹಳ ಅಗಲ; ಆ ಪೂರ್ವಜ 18ನೆಯ ಶತಮಾನದ್ದೂ ಆಗಿರಬಹುದು. ಇದಲ್ಲದೆ ವಿಜ್ಞಾನಿಗಳಲ್ಲೇ ಇನ್ನೊಂದು ಆಕ್ಷೇಪವಿದೆ. ವೈರಾಣುವಿಗೆ ಹಾನಿ ಮಾಡುವ ತಪ್ಪುಗಳು ಬೇಗ ಅಳಿಸಿಹೋಗುವುದರಿಂದ ದೀರ್ಘಕಾಲದ ಲೆಕ್ಕದಲ್ಲಿ ವೈರಾಣು ಇರುವುದಕ್ಕಿಂತ ಎಳೆಯದಾಗಿ ಕಾಣುತ್ತದೆ ಎಂದು. ಈ ಆಕ್ಷೇಪವನ್ನು ಒಪ್ಪಲೇಬೇಕು. ಆದರೆ 1904ರ ಬದಲು 1800 ಎಂದಿಟ್ಟುಕೊಂಡರೂ ನನ್ನ ವಾದಕ್ಕೆ ಧಕ್ಕೆ ಇಲ್ಲ, ಏಕೆಂದರೆ ಈ ವರ್ಷ ರೋಗದ ಹುಟ್ಟಿನ ವರ್ಷವೇ ಅಲ್ಲ. ವೃಕ್ಷದಲ್ಲಿ ಕಾಣುವುದು ಬದುಕುಳಿದ ಕೊಂಬೆಗಳು ಮಾತ್ರ. ಪಾಯಸನ ಕಾಲದಲ್ಲಿ ಹಂಪಿಗೆ ನಡೆದ ಹಿಂಡುಗಳಲ್ಲಿ ಇಂಥದೇ ಒಂದು ರೋಗ ಹೊಕ್ಕಿದ್ದಿರಬಹುದು, ನೂರಾರು ಹಟ್ಟಿಗಳನ್ನು ಬರಿದು ಮಾಡಿ ತಾನೂ ಆರಿಹೋಗಿರಬಹುದು. ಅದರ ವಂಶ ಉಳಿಯದಿದ್ದರೆ ಇಂದಿನ ಯಾವ ಪ್ರಯೋಗಾಲಯಕ್ಕೂ ಅದು ಸಿಗುವುದಿಲ್ಲ. ಹಾಗಾಗಿ ವಂಶವಾಹಿ ಉತ್ತರಿಸುವ ಪ್ರಶ್ನೆ ರೋಗ ಯಾವಾಗ ಹುಟ್ಟಿತು ಎಂಬುದಲ್ಲ. ಯಾವ ಕಾಲದಿಂದ ಈಚೆಗೆ ರೋಗ ಆರದೆ, ಸರಪಳಿ ಕಡಿಯದೆ ಉಳಿಯಲು ಸಾಧ್ಯವಾಯಿತು ಎಂಬುದು. ಆ ಕಾಲ ಹಡಗು, ರೈಲು, ಲಾರಿಗಳು ದೂರದೂರದ ಹಿಂಡುಗಳನ್ನು ಒಂದೇ ಸಮುದಾಯವಾಗಿ ಹೆಣೆದ ಕಾಲ. ಬಳ್ಳಾರಿಗೆ 1876-78ರ ಮಹಾಕ್ಷಾಮದ ಹೊತ್ತಿಗಾಗಲೇ ರೈಲು ಬಂದಿತ್ತು. ಮದರಾಸಿನ ಕಡೆಯಿಂದ ಕ್ಷಾಮದ ಧಾನ್ಯ ಇಳಿದದ್ದು ಇಲ್ಲಿನ ನಿಲ್ದಾಣದಲ್ಲೇ.

ಹಾಗಾದರೆ 1987ಕ್ಕೂ ಮೊದಲು ನಮ್ಮ ನಾಡಿನ ದಾಖಲೆಯಲ್ಲಿ ಈ ರೋಗ ಏಕಿಲ್ಲ? ಇದು ಗಟ್ಟಿಯಾದ ಪ್ರಶ್ನೆ. ಇದಕ್ಕೆ ಎರಡು ಉತ್ತರಗಳಿವೆ. ಒಂದು ಆಡಳಿತದ್ದು. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದರಾಸಿಗೆ ಸೇರಿದ್ದ ಜಿಲ್ಲೆ. ಎರೆಭೂಮಿಯ ಹತ್ತಿ, ಜೋಳಗಳ ಮೇಲೆ ಕಂದಾಯ ಎತ್ತುವ ಸರ್ಕಾರಕ್ಕೆ ನೇಗಿಲು ಎಳೆಯುವ ಎತ್ತು ಸತ್ತರೆ ನಷ್ಟ, ಕುರುಬರ ಹಟ್ಟಿಯಲ್ಲಿ ಐವತ್ತು ಕುರಿ ಸತ್ತರೆ ಅದು ಕುರುಬರ ಪಾಡು. 1871ರಲ್ಲಿ ವರದಿ ಕೊಟ್ಟ ಭಾರತದ ದನಗಳ ಪ್ಲೇಗ್ ಆಯೋಗದ ಹೆಸರೇ ಆ ಕಾಲದ ಕಾಳಜಿ ಯಾವ ಪ್ರಾಣಿಯ ಮೇಲಿತ್ತೆಂದು ಹೇಳುತ್ತದೆ. ಕಪ್ಪು ಕಂಬಳಿಗೆ ಉಣ್ಣೆ ಕೊಟ್ಟ, ಸೀಮೆಯ ಹೆಸರನ್ನೇ ಹೊತ್ತ ಬಳ್ಳಾರಿ ತಳಿಯ ಕುರಿಯ ಸಾವು ಕಡತಕ್ಕೆ ಏರಲಿಲ್ಲ. ಎರಡನೆಯ ಉತ್ತರ ವಿಜ್ಞಾನದ್ದು, ಹೆಚ್ಚು ಮುಖ್ಯವಾದದ್ದು. ದೊಡ್ಡರೋಗ ದನ ಎಮ್ಮೆಗಳದ್ದಾದರೂ ಭಾರತದಲ್ಲಿ ಅದು ಆಡು ಕುರಿಗಳಿಗೂ ತಗುಲುತ್ತಿತ್ತು. ಮುಕ್ತೇಶ್ವರದ ಪಶುವೈದ್ಯ ಸಂಶೋಧನಾಲಯದಲ್ಲಿ ಜೆ.ಟಿ. ಎಡ್ವರ್ಡ್ಸ್ 1920ರ ದಶಕದಲ್ಲಿ ರೂಪಿಸಿದ ದೊಡ್ಡರೋಗದ ಲಸಿಕೆಯನ್ನು ಪಳಗಿಸಿದ್ದೇ ಮೇಕೆಗಳ ಮೈಯಲ್ಲಿ ಹಾಯಿಸಿ. ಆದ್ದರಿಂದ ಕುರಿಹಟ್ಟಿಯಲ್ಲಿ ಬಾಯಿಹುಣ್ಣು, ಭೇದಿ, ಸಾವು ಕಂಡ ಪಶುವೈದ್ಯರು ದೊಡ್ಡರೋಗವೆಂದು ಬರೆದುಕೊಂಡದ್ದು ಅಸಡ್ಡೆಯಲ್ಲ. ಆಗಿನ ರಕ್ತಪರೀಕ್ಷೆಯಲ್ಲೂ ಎರಡು ವೈರಾಣುಗಳ ಪ್ರತಿಕಾಯಗಳು ಒಂದರಂತೆ ಒಂದು ವರ್ತಿಸುತ್ತಿದ್ದವು. ಎರಡನ್ನೂ ಖಚಿತವಾಗಿ ಬೇರ್ಪಡಿಸುವ ವಂಶವಾಹಿಯ ಪರೀಕ್ಷೆಗಳು ಬಳಕೆಗೆ ಬಂದದ್ದು 1980ರ ದಶಕದ ಕೊನೆಗೆ, ಅಂದರೆ ಅರಸೂರಿನ ಹೊತ್ತಿಗೇ. ದಕ್ಷಿಣ ಭಾರತದ ಕುರಿಗಳಲ್ಲಿ ದೊಡ್ಡರೋಗವೆಂದು ಹಿಂದೆ ದಾಖಲಾದ ಪ್ರಕರಣಗಳಲ್ಲಿ ಕೆಲವಾದರೂ ಹಿರೇಬೇನೆಯೇ ಆಗಿದ್ದವೆಂದು ಅನಂತರ ಹಲವು ತಜ್ಞರು ವಾದಿಸಿದ್ದಾರೆ, ನನಗೂ ಅದೇ ಸರಿಯೆನಿಸುತ್ತದೆ.

ಆದರೆ ಈ ಮಾತನ್ನು ತೀರಾ ಎಳೆಯಬಾರದು. ರೋಗ ಮೊದಲಿಂದಲೂ ಎಲ್ಲೆಲ್ಲೂ ಇತ್ತು, ಪರೀಕ್ಷೆ ಮಾತ್ರ ಹೊಸದು ಎಂದುಬಿಟ್ಟರೆ ವಂಶವೃಕ್ಷ ಅದನ್ನು ಒಪ್ಪುವುದಿಲ್ಲ. 1987ರಿಂದ ಸುಮಾರು ಏಳು ವರ್ಷ ಈ ರೋಗದ ವರದಿಗಳು ಕರ್ನಾಟಕವೂ ಸೇರಿ ದಕ್ಷಿಣದ ರಾಜ್ಯಗಳಿಗೇ ಸೀಮಿತವಾಗಿದ್ದವು. 1994ರಲ್ಲಿ ಉತ್ತರ ಭಾರತದಲ್ಲಿ ಅದು ಕಾಣಿಸಿಕೊಂಡಿತು. ಆಸುಪಾಸಿನ ವರ್ಷಗಳಲ್ಲೇ ಬಾಂಗ್ಲಾದೇಶ, ಪಾಕಿಸ್ತಾನ, ಪಶ್ಚಿಮ ಏಷ್ಯದಲ್ಲೂ ಕಂಡಿತು. ಅವೆಲ್ಲವೂ ನಾಲ್ಕನೆಯ ಶಾಖೆಯವು, ಒಂದಕ್ಕೊಂದು ಬಹಳ ಹತ್ತಿರದವು. ಎಲ್ಲ ಕಡೆಯೂ ಬಹುಕಾಲ ಅಡಗಿ ಕುಳಿತಿದ್ದ ವೈರಾಣುವಾಗಿದ್ದರೆ ಊರೂರಿಗೆ ಬೇರೆ ಬೇರೆ ತಪ್ಪುಗಳು ಕೂಡಿಕೊಂಡು ಕವಲುಗಳು ದೂರ ಸರಿದಿರಬೇಕಿತ್ತು. ಹತ್ತಿರವಿವೆ ಎಂದರೆ ಈಚೆಗೆ, ವೇಗವಾಗಿ ಹರಡಿದವು ಎಂದೇ ಅರ್ಥ. ಇದಕ್ಕೆ ಅಪವಾದವೆಂಬಂತೆ 1992ರಲ್ಲಿ ತಮಿಳುನಾಡಿನ ಒಂದು ಮಾದರಿ ಮಾತ್ರ ಮೂರನೆಯ ಶಾಖೆಯದ್ದಾಗಿತ್ತು, ಅಂದರೆ ಪೂರ್ವ ಆಫ್ರಿಕ-ಅರೇಬಿಯದ ನೆಂಟ. ಆಮೇಲೆ ಅದು ಭಾರತದಲ್ಲಿ ಕಾಣಲಿಲ್ಲ. ಬಂದ ಶಾಖೆಗಳೆಲ್ಲ ಬೇರೂರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ. ಇನ್ನೊಂದು ಸಂಗತಿಯನ್ನೂ ಜೊತೆಗಿಡಬೇಕು. 1954ರಿಂದ ನಡೆದ ರಾಷ್ಟ್ರೀಯ ಕಾರ್ಯಕ್ರಮದ ಫಲವಾಗಿ ದೊಡ್ಡರೋಗ ಹಿಂದೆ ಸರಿಯುತ್ತ 1995ರಲ್ಲಿ ಭಾರತದಲ್ಲಿ ಕೊನೆಯ ಸಲ ಕಂಡಿತು, 2011ರಲ್ಲಿ ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಘೋಷಣೆಯಾಯಿತು. ದೊಡ್ಡರೋಗ ತಗುಲಿ ಉಳಿದ ಕುರಿಗೆ ಹಿರೇಬೇನೆಯ ವಿರುದ್ಧವೂ ರಕ್ಷಣೆ ಇರುತ್ತಿತ್ತು. ಅಣ್ಣ ತೆರವು ಮಾಡಿದ ಜಾಗಕ್ಕೆ ತಮ್ಮ ಹೊಕ್ಕಿರುವ ಸಾಧ್ಯತೆ ಬಲವಾಗಿದೆ.

ಈ ದಶಕಗಳಲ್ಲೇ ಕುರುಗೋಡಿನ ನೆಲವೂ ಬದಲಾಯಿತು. 1953ರ ಹೊತ್ತಿಗೆ ತುಂಗಭದ್ರಾ ಅಣೆಕಟ್ಟು ಮುಗಿದು, ಬಲದಂಡೆಯ ಕೆಳಮಟ್ಟದ ಕಾಲುವೆಯ ನೀರು ಕುರುಗೋಡು ಸಿರುಗುಪ್ಪಗಳ ಎರೆಹೊಲಗಳಿಗೆ ಹರಿಯಿತು. ಮಳೆಯಾಶ್ರಿತ ಜೋಳ, ನವಣೆಯ ಸೀಮೆ ಭತ್ತದ ಸೀಮೆಯಾಯಿತು. ಬೀಳುಭೂಮಿ ಕರಗಿತು, ಊರ ಕುರಿಗೆ ವರ್ಷವಿಡೀ ಮೇವಿನ ಬಯಲು ಇಲ್ಲವಾಯಿತು. ಅದೇ ಹೊತ್ತಿಗೆ ಭತ್ತದ ಕೊಯ್ಲಾದ ಮೇಲೆ ಕೂಳೆಯ ಗದ್ದೆಗಳು ಒಣಸೀಮೆಯ ಹಿಂಡುಗಳನ್ನು ಕೈಬೀಸಿ ಕರೆಯತೊಡಗಿದವು. ಗೊಬ್ಬರಕ್ಕಾಗಿ ಗದ್ದೆಯಲ್ಲಿ ಕುರಿ ನಿಲ್ಲಿಸುವುದು ಹಳೆಯ ವಾಡಿಕೆಯೇ. ಆದರೆ ನೀರಾವರಿಯ ಅಂಚಿನಲ್ಲಿ ಒಂದೇ ಋತುವಿನಲ್ಲಿ ಬೇರೆ ಬೇರೆ ಕಡೆಯ ಮಂದೆಗಳು ಅಕ್ಕಪಕ್ಕ ನಿಲ್ಲುವುದು, ಒಂದೇ ಕಾಲುವೆಗೆ ಬಾಯಿಡುವುದು ಹೊಸದು. ಅದೇ 1953ರಲ್ಲಿ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿಯಿಂದ ಬೇರೆಯಾಗಿ ಆಂಧ್ರಕ್ಕೆ ಹೋದವು. ಕಡತಗಳಿಗೆ ಗಡಿ ಬಿತ್ತು, ಕುರಿಯ ದಾರಿಗೆ ಬೀಳಲಿಲ್ಲ. ಸಂತೆಯಿಂದ ಸಂತೆಗೆ ನಡೆಯುತ್ತಿದ್ದ ಕುರಿ ಲಾರಿ ಹತ್ತಿತು. ರೋಗ ತಗುಲಿ ಲಕ್ಷಣ ಕಾಣುವುದಕ್ಕೆ ನಾಲ್ಕಾರು ದಿನ ಬೇಕು. ಕಾಲ್ನಡಿಗೆಯ ಕುರಿ ಅಷ್ಟರಲ್ಲಿ ಪಕ್ಕದ ಹೋಬಳಿ ದಾಟುವುದಿಲ್ಲ, ಲಾರಿಯ ಕುರಿ ಎರಡು ರಾಜ್ಯ ದಾಟಿ ಇನ್ನೊಂದು ಹಿಂಡಿಗೆ ಸೇರಿರುತ್ತದೆ. 2017ರಲ್ಲಿ ತೆಲಂಗಾಣ ಸರ್ಕಾರ ಕುರಿ ಹಂಚುವ ಯೋಜನೆಗಾಗಿ ಕರ್ನಾಟಕವೂ ಸೇರಿದಂತೆ ನೆರೆಯ ರಾಜ್ಯಗಳಿಂದ ಭಾರಿ ಸಂಖ್ಯೆಯಲ್ಲಿ ಕುರಿ ಕೊಳ್ಳಿಸಿದ್ದು ಇಂಥ ಸಾಗಣೆಯ ಪ್ರಮಾಣ ಎಲ್ಲಿಗೆ ಮುಟ್ಟಿದೆ ಎಂಬುದನ್ನು ತೋರಿಸುತ್ತದೆ. 2019ರ ಜಾನುವಾರು ಗಣತಿಯಂತೆ ತೆಲಂಗಾಣದಲ್ಲಿ 1.9 ಕೋಟಿ, ಆಂಧ್ರದಲ್ಲಿ 1.7 ಕೋಟಿಗೂ ಹೆಚ್ಚು, ಕರ್ನಾಟಕದಲ್ಲಿ 1.1 ಕೋಟಿ ಕುರಿಗಳಿದ್ದವು. ದೇಶದ ಮೂರು ಅತಿದೊಡ್ಡ ಕುರಿರಾಜ್ಯಗಳು ಕೂಡುವ ಮೂಲೆ ಇದು. ವೈರಾಣುವಿನ ಕಣ್ಣಿಗೆ ಇವು ಮೂರು ರಾಜ್ಯವಲ್ಲ, ಒಂದೇ ಹಿಂಡು.

ಇಷ್ಟು ಹೇಳಿದಾಗ, ಹಾಗಾದರೆ ತಪ್ಪೆಲ್ಲ ಅಲೆಮಾರಿ ಕುರಿಗಾಹಿಗಳದ್ದು ಎಂಬ ಮಾತು ಸುಲಭವಾಗಿ ಬಂದುಬಿಡುತ್ತದೆ. ಅದನ್ನು ನಾನು ಒಪ್ಪುವುದಿಲ್ಲ. ಸಂಚಾರಿ ಕುರಿಗಾಹಿ ಸಾಮಾನ್ಯವಾಗಿ ತಾನಾಗಿ ತನ್ನ ಹಿಂಡನ್ನು ಅಪರಿಚಿತ ಹಿಂಡಿನೊಂದಿಗೆ ಬೆರೆಸುವುದಿಲ್ಲ. ಬೇನೆ ಇದೆಯೆಂದು ಕೇಳಿದ ಊರನ್ನು ಬಳಸಿ ಹೋಗುತ್ತಾನೆ. ಆತನ ಇಡೀ ಬದುಕು ಆ ಹಿಂಡಿನ ಮೇಲೆ ನಿಂತಿದೆ. ಬೆರಕೆ ಹೆಚ್ಚಾಗಿ ಆಗುವುದು ಸಂತೆಯಲ್ಲಿ ಮತ್ತು ದಲ್ಲಾಳಿಯ ಲಾರಿಯಲ್ಲಿ. ಬೇನೆ ಬಿದ್ದ ಹಟ್ಟಿಯಿಂದ ಸಾಯುವ ಮೊದಲೇ ಅಗ್ಗಕ್ಕೆ ಮಾರಿದ ಕುರಿ ಅಲ್ಲಿಂದಲೇ ಊರೂರಿಗೆ ಹೋಗುತ್ತದೆ. ಹಾಗೆ ಮಾರುವವನನ್ನೂ ಪೂರ್ತಿ ದೂರಲಾರೆ. ಸತ್ತ ಕುರಿಗೆ ಬೆಲೆ ಇಲ್ಲದ ಕಡೆ ಬದುಕಿರುವ ಕುರಿಯನ್ನು ಮಾರುವುದು ಬಡವನಿಗೆ ಉಳಿದ ಒಂದೇ ದಾರಿ. ಪ್ರಪಂಚದ ಉದಾಹರಣೆಯೂ ಇದನ್ನೇ ಹೇಳುತ್ತದೆ. ನಾಲ್ಕನೆಯ ಶಾಖೆ 2008ರಲ್ಲಿ ಮೊರಾಕ್ಕೊ, 2013-14ರಲ್ಲಿ ಚೀನಾದ ಉದ್ದಗಲ, 2018ರಲ್ಲಿ ಬಲ್ಗೇರಿಯ ಮುಟ್ಟಿತು. 2024ರಲ್ಲಿ ಗ್ರೀಸ್ ಮತ್ತು ರುಮೇನಿಯಗಳಲ್ಲೂ ಹಿರೇಬೇನೆ ಎದ್ದಿತು. ಅಲ್ಲಿಗೆಲ್ಲ ನಮ್ಮ ಕುರುಬರು ನಡೆದು ಹೋಗಿರಲಿಲ್ಲ.

ಕೊನೆಯದಾಗಿ ಒಂದು ಭಯವನ್ನು ಎದುರಿಸಬೇಕು. ವರ್ಷಕ್ಕೆ ಹದಿನಾಲ್ಕು ಅಕ್ಷರ ಬದಲಾಗುವ ವೈರಾಣು ಇಂದಲ್ಲ ನಾಳೆ ಲಸಿಕೆಯನ್ನು ತಪ್ಪಿಸಿಕೊಳ್ಳದೇ? ಕೊರೋನಾ ಕಂಡ ನಮ್ಮ ಪೀಳಿಗೆಗೆ ಈ ಭಯ ಸಹಜ. ಆದರೆ ಇಲ್ಲಿ ಸಾಕ್ಷಿ ಬೇರೆಯೇ ಇದೆ. ವಂಶವಾಹಿ ನಾಲ್ಕು ಶಾಖೆಯಾಗಿ ಒಡೆದಿದ್ದರೂ ಕುರಿಯ ಮೈ ಗುರುತಿಸುವ ರೂಪ ಒಂದೇ ಆಗಿ ಉಳಿದಿದೆ. ನೈಜೀರಿಯದ 1975ರ ಎರಡನೆಯ ಶಾಖೆಯ ವೈರಾಣುವಿನಿಂದ ಮಾಡಿದ ಲಸಿಕೆ ನಾಲ್ಕೂ ಶಾಖೆಗಳನ್ನು ತಡೆಯುತ್ತದೆ. ಭಾರತದಲ್ಲಿ ಬಳಸುವ ಸುಂಗ್ರಿ 96, ಮುಕ್ತೇಶ್ವರದಲ್ಲಿ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆ ರೂಪಿಸಿದ್ದು, ಇಂದಿಗೂ ಕೆಲಸ ಮಾಡುತ್ತಿದೆ. ಅದಕ್ಕೂ ಹಿಂದಿನ ಅರಸೂರು 87ರ ವೈರಾಣುವಿನಿಂದಲೂ ತಮಿಳುನಾಡಿನಲ್ಲಿ ಲಸಿಕೆ ಮಾಡಿದರು. ಒಂದು ಚುಚ್ಚುಮದ್ದು ಕನಿಷ್ಠ ಮೂರು ವರ್ಷ ಕಾಯುತ್ತದೆ, ಅಂದರೆ ಹೆಚ್ಚಿನ ಕುರಿಗಳ ಆಯುಷ್ಯಕ್ಕೆ ಒಂದೆರಡು ಸಾಕು. ಬದಲಾವಣೆಗಳಲ್ಲಿ ಬಹುಪಾಲು ವೈರಾಣುವಿನ ಹೊರಮೈಯನ್ನು ಮುಟ್ಟುವುದಿಲ್ಲ, ಮುಟ್ಟಿದರೆ ಅದು ಜೀವಕೋಶಕ್ಕೆ ಹೊಗುವ ಶಕ್ತಿಯನ್ನೇ ಕಳೆದುಕೊಳ್ಳುವ ಸಂಭವ ಹೆಚ್ಚು. ಹಾಗಾಗಿ ಹಿರೇಬೇನೆಯ ಮಟ್ಟಿಗೆ ವಂಶವಾಹಿಯ ಬದಲಾವಣೆ ನಮಗೆ ಶತ್ರುವಲ್ಲ, ಗೂಢಚಾರ: ರೋಗ ಯಾವ ದಾರಿಯಲ್ಲಿ ಬಂತೆಂದು ಅದು ತಾನಾಗಿ ಬರೆದಿಟ್ಟುಕೊಳ್ಳುತ್ತದೆ.

ಕೇಂದ್ರ ಸರ್ಕಾರ 2010ರಲ್ಲಿ ಹಿರೇಬೇನೆ ನಿಯಂತ್ರಣ ಕಾರ್ಯಕ್ರಮ ಆರಂಭಿಸಿದಾಗ ಮೊದಲ ಹಂತದಲ್ಲೇ ಕರ್ನಾಟಕವನ್ನು ಸೇರಿಸಿತು. ಜಗತ್ತಿನ ಮಟ್ಟದಲ್ಲಿ 2030ರೊಳಗೆ ರೋಗವನ್ನು ಅಳಿಸಬೇಕೆಂಬ ಗುರಿಯನ್ನು 2015ರಲ್ಲಿ ಐವರಿ ಕೋಸ್ಟಿನ ಅಬಿಜಾನಿನಲ್ಲಿ ಒಪ್ಪಿಕೊಂಡಾಗಿದೆ. ದೊಡ್ಡರೋಗ ಅಳಿದದ್ದರಿಂದ ಇದು ಅಸಾಧ್ಯವಲ್ಲ. ಆದರೆ ಎತ್ತು ಊರಲ್ಲೇ ಇರುತ್ತದೆ, ಕುರಿ ಇರುವುದಿಲ್ಲ. ವಿಳಾಸವಿರುವ ಹಟ್ಟಿಗಳ ಪಟ್ಟಿ ಹಿಡಿದು ಊರಿಂದೂರಿಗೆ ಹೋಗುವ ಲಸಿಕಾ ತಂಡ, ಆ ವಾರ ಗಡಿಯಾಚೆ ಮೇಯುತ್ತಿರುವ ಮಂದೆಯನ್ನು ಮುಟ್ಟುವುದಿಲ್ಲ. ಮರಿಗಳು ವರ್ಷವೂ ಹುಟ್ಟುತ್ತಲೇ ಇರುತ್ತವೆ, ಮೂರ್ನಾಲ್ಕು ತಿಂಗಳು ತುಂಬುವ ಹೊತ್ತಿಗೆ ತಾಯಿಹಾಲಿನ ರಕ್ಷಣೆ ಮುಗಿಯುತ್ತದೆ. ಆದ್ದರಿಂದ ಕರ್ನಾಟಕ, ಆಂಧ್ರ, ತೆಲಂಗಾಣದ ಪಶುಸಂಗೋಪನಾ ಇಲಾಖೆಗಳು ತಮ್ಮ ತಮ್ಮ ವೇಳಾಪಟ್ಟಿ ಬದಿಗಿಟ್ಟು, ಭತ್ತದ ಕೊಯ್ಲಿನ ನಂತರ ಹಿಂಡುಗಳು ತುಂಗಭದ್ರೆಯ ಬಯಲಿಗೆ ಇಳಿಯುವ ವಾರಗಳಲ್ಲೇ ಒಟ್ಟಿಗೆ ಲಸಿಕೆ ಹಾಕಬೇಕು. ಬೇನೆ ಬಿದ್ದ ಹಟ್ಟಿಯ ಕುರಿ ಮಾರದೆ ಇಟ್ಟುಕೊಂಡವನಿಗೆ ಪರಿಹಾರ ಕೊಡಬೇಕು. ಪ್ರತಿ ಪ್ರಕರಣದ ಮೂಗಿನ ಸ್ರಾವವನ್ನು ಬೆಂಗಳೂರಿನ ಪ್ರಯೋಗಾಲಯಕ್ಕೆ ಕಳಿಸಿ ವಂಶವಾಹಿ ಓದಿಸಬೇಕು. ಕುರುಗೋಡು, ಸಿರುಗುಪ್ಪದ ಕುರಿ ಸಾಕುವ ಕುಟುಂಬಗಳು ಇದನ್ನು ತಮ್ಮ ಶಾಸಕರ ಮುಂದೆ, ಪಂಚಾಯಿತಿಯ ಮುಂದೆ ಹಕ್ಕಿನಿಂದ ಕೇಳಲಿ.